ಗಾಕಿ

ಕುತೈಸಿಯಲ್ಲಿ, ರಿಯೋನಿ ಹೊಳೆಗೆ ಬೆನ್ನು ಹಾಕಿ ಕೂತ
ಎರಡು ಮಾರಿನ ಅಂಗಡಿ ಮಾಲ್ಖಾಜನದು.
ಲಮಾರಾ ಬಂದಳು, ಉಣ್ಣೆಯ ಶಾಲಿನಲ್ಲಿ
ಜ್ವರದ ಕೂಸಿನಂತೆ ಲ್ಯಾಪ್‌ಟಾಪು ಸುತ್ತಿಕೊಂಡು.
ವ್ಯಾನಿನ ಹಿಂಬಾಗಿಲಲ್ಲಿ ಚೌಕಾಸಿ ಮಾಡಿ ಕೊಂಡದ್ದು,
ಜರ್ಮನಿಯ ಯಾರದೋ ಮನೆ ಬಿಟ್ಟು ಬಂದದ್ದು.
"ತಲೆ ಸರಿಯಿದೆ ಇದಕ್ಕೆ," ಅಂದಳು.
"ಹಲ್ಲು ಮಾತ್ರ ಬೇರೆಯವರದು. ಕಿತ್ತು ಹೊಸದು ಕೂರಿಸು."

ಎಂಟು ತಿಂಗಳಿಂದ ನಗರಸಭೆಗೆ ಅರ್ಜಿ ಬರೆಯುತ್ತಾಳೆ:
ನಾಲ್ಕನೇ ಮಹಡಿಗೆ ಅನಿಲ ಹತ್ತುವುದಿಲ್ಲ,
ಒಲೆ ನೀಲಿ ನಾಲಗೆ ಚಾಚುತ್ತದೆ, ನುಂಗಿಕೊಳ್ಳುತ್ತದೆ.
ಅವರ ನುಡಿಯಲ್ಲಿ ಅನಿಲಕ್ಕೆ ಗಾಝಿ.
ಜರ್ಮನರ ಮಣೆಯಲ್ಲಿ ಝೆಡ್ ಮೇಲೆ, ವೈ ಕೆಳಗೆ.
ಒಳಗೆ ಕೂತ ಜಾರ್ಜಿಯದ ಲಿಪಿಗೆ ಈ ಸಮಾಚಾರ ಮುಟ್ಟಿಲ್ಲ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಒತ್ತಿದ್ದು ಗಾಝಿ,
ಬಿದ್ದದ್ದು ಗಾಕಿ.

ಉತ್ತರ ಬಂತು, ಮೊಹರು ಸಮೇತ:
ಗಾಕಿ ಎಂಬ ಸೌಲಭ್ಯ ನಮ್ಮ ಕಚೇರಿಯಲ್ಲಿ ಇರುವುದಿಲ್ಲ.

ಈ ಮಾದರಿಗೆ ಜಾರ್ಜಿಯದ ಅಕ್ಷರ ಯಾರೂ ಅಚ್ಚು ಹಾಕುವುದಿಲ್ಲ.
ಅಮೆರಿಕದ್ದೊಂದು ಇತ್ತು; ಅದರ ಎಂಟರ್ ಚಪ್ಪಟೆ,
ಚೌಕಟ್ಟಿನ ತೂತು ಮಡಚಿದ ಮೊಣಕಾಲಿನ ಹಾಗೆ.
ಮೂರು ವಾರ ಕಾದ ಮೇಲೆ ಬ್ರಿಟನ್ನಿನದು ಸಿಕ್ಕಿತು,
ಸತ್ತ ಯಂತ್ರವೊಂದರ ಎದೆಯಿಂದ.

ಐವತ್ತೆಂಟು ಪ್ಲಾಸ್ಟಿಕ್ ಮೊಳೆ, ಕರಗಿಸಿ ಬಿಗಿದವು.
ಒಂದೊಂದನ್ನೂ ಕೆತ್ತಿ ಎತ್ತಿದ ಮಾಲ್ಖಾಜ್.
ಅಡಿಯಲ್ಲಿ ಕಂದು ಬೆಕ್ಕಿನ ಕೂದಲು,
ರೊಟ್ಟಿಯ ಪುಡಿ, ಅದರಲ್ಲಿ ಶಾಜೀರಿಗೆ,
ಅರ್ಧ ಉಗುರು.
ಹಳೆಯ ಮಣೆಯನ್ನು ದೀಪಕ್ಕೆ ಓರೆಯಾಗಿ ಹಿಡಿದ:
ಇ ಸವೆದಿದೆ, ಎನ್ ಸವೆದಿದೆ; ಅದು ಎಲ್ಲರಿಗೂ ಸವೆಯುತ್ತದೆ.
ಆದರೆ ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ಯು,
ಹೊಟ್ಟೆ ಉಬ್ಬಿದ ಆ ಇಮ್ಮಡಿ ಎಸ್,
ಇವೂ ಹೀಗೆ ಮಾಸಬೇಕಾದರೆ?
ಕಾಸೆಲ್ ಊರಲ್ಲಿ ಎರಡು ವರ್ಷ ಗೋಡೆಗೆ ಸುಣ್ಣ ಬಳಿದವನು ಅವನು,
ಅಷ್ಟು ಜರ್ಮನ್ ಬರುತ್ತದೆ.
ಆ ಎರಡೂ ಒಟ್ಟಿಗೆ ಕೂರುವುದು ಕಾಗದದ ಕೊನೆಯಲ್ಲಿ,
ವಂದನೆಗಳು ಎಂಬ ಮಾತಿನಲ್ಲಿ.
ಯಾರೋ, ಯಾರಿಗೋ,
ಬಣ್ಣ ಹೋಗುವಷ್ಟು ಸಲ.

ಲಮಾರಾಗೆ ಹೇಳಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ.

ಆಮೇಲೆ ಚಿಮಟ, ಅಂಟುಚೀಟಿ, ಹಿಡಿದ ಉಸಿರು.
ಮೂವತ್ತಮೂರು ಅಕ್ಷರ, ಮನೆಗಳು ಇಪ್ಪತ್ತಾರು;
ಏಳು ಮಂದಿ ಅಟ್ಟದ ಮೇಲೆ ಬಾಡಿಗೆಗೆ,
ಶಿಫ್ಟ್ ಒತ್ತಿದರೆ ಇಳಿದು ಬರುತ್ತಾರೆ.
ಎಲ್ಲ ದುಂಡಗೆ, ಬಾಲ ಸುತ್ತಿ ಮಲಗಿದ ಬೆಕ್ಕುಗಳ ಹಾಗೆ.

"ಬರೆದು ನೋಡಿ," ಅಂದ.
ಕನ್ನಡಕ ಏರಿಸಿದಳು. ಸರಿಯಾದ ಜಾಗದಲ್ಲಿ ಸರಿಯಾದ ಹೆಸರು.
ಆದರೆ ಎಂಟು ತಿಂಗಳು ಕಲಿತ ಪಾಠ ಒಂದೇ:
ಇದು ಹೇಳಿದ್ದನ್ನು ನಂಬಬೇಡ, ಅದನ್ನು ಒತ್ತು.
ನಂಬಲಿಲ್ಲ. ಒತ್ತಿದಳು.
ಗಾಕಿ.

ಮಾಲ್ಖಾಜನ ಮೂರು ತಲೆಮಾರಿಗೆ ಬೈಗುಳ ಹಂಚಿದಳು.
"ಯಾವ ಕೀಲಿಯೂ ಜಾಗ ಬಿಟ್ಟು ಕದಲಿಲ್ಲ, ತಾಯಿ," ಅಂದ,
"ನಾನು ಬದಲಿಸಿದ್ದು ಹಣೆಬರಹ ಮಾತ್ರ."
ಅವಳು ನಗಲಿಲ್ಲ. ಹತ್ತು ಲಾರಿ ಮುರಿದುಕೊಂಡು ಕೊಟ್ಟಳು.

ಹೊಸ ಅರ್ಜಿ ಹೋಯಿತು, ಕಾಗುಣಿತ ಒಂದೂ ತಪ್ಪದೆ.
ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.
ಮೆಟ್ಟಿಲ ಬುಡದ ಗೋಡೆಯಲ್ಲಿ ಮಾತ್ರ
ಎರಡನೇ ಮಹಡಿಯ ಹುಡುಗ ಸೀಮೆಸುಣ್ಣದಲ್ಲಿ ಗೀಚಿದ್ದಾನೆ:
ಗುರುವಾರವೂ ಗಾಕಿ ಇಲ್ಲ.
ಹತ್ತುವವರು ಓದುತ್ತಾರೆ,
ಸೌದೆ ಒಲೆ ಇರುವವರ ಮನೆಗೆ
ಪಾತ್ರೆ ಹಿಡಿದು ಹೋಗುತ್ತಾರೆ.