ಎಂಬತ್ತರ ಸನ್ನಿ

ಎಪ್ಪತ್ತರವರೆಗೂ ಸಾಧು, ಅಂದಳು ಝುಝುನಾ,
ಎಂಬತ್ತು ಮುಟ್ಟಿದರೆ ಸನ್ನಿ ಹಿಡಿದ ಹಾಗೆ,
ತೊಂಬತ್ತೈದು ದಾಟಿದರೆ ಮತ್ತೆ ಏನೂ ಅರಿಯದ ಮಗು.
ಕೈ ಒರೆಸಿಕೊಳ್ಳುತ್ತ ಗಾಡಿ ನೋಡಿದೆ:
ನನಗಿಂತ ಎಂಟು ವರ್ಷಕ್ಕೆ ಕಿರಿಯ ಝಿಗುಲಿ,
ಹಿಂದಿನ ಸೀಟಿನಲ್ಲಿ ಚರ್ಮದ ಚೀಲ,
ಅದರೊಳಗೆ ನನ್ನ ಕಸುಬಿನದಲ್ಲದ ಪಾನಾಗಳು.

ಪಿಯಾನೋಗಳಿಗೆ ಶ್ರುತಿ ಕೂಡಿಸುವವಳಂತೆ.
ಖೋನಿ, ಸಾಮ್ತ್ರೆದಿಯಾ, ವಾನಿ,
ಶಾಲೆಗಳಲ್ಲಿ ಉಳಿದಿರುವ ಸೋವಿಯತ್ ಕಾಲದ ಪೆಟ್ಟಿಗೆಗಳು,
ಇಲಿ ಮರಿಹಾಕಿದವು,
ಮಕ್ಕಳು ಚೂಯಿಂಗ್ ಗಮ್ ಅಂಟಿಸಿದವು.

ನಾನು ನನ್ನ ಹಳೆಯ ಪ್ರಶ್ನೆಗಳನ್ನೇ ಕೇಳಿದೆ.
ಬ್ರೇಕ್ ಒತ್ತಿದರೆ ಹೆಚ್ಚುತ್ತದೆಯೇ?
ಇಲ್ಲ. ಹಾಗಾದರೆ ಡಿಸ್ಕ್ ಅಲ್ಲ.
ಗೇರ್ ತಪ್ಪಿಸಿ ಇಳಿಜಾರಿಗೆ ಬಿಟ್ಟರೆ?
ಆಗಲೂ ಇದೆ. ಎಂಜಿನ್ನಿನದು ಪಾಪ, ಏನೂ ಇಲ್ಲ.
ನಡುಕ ಕೈಗೋ, ಕುಂಡಿಗೋ?
ಅರವತ್ತಮೂರರ ಹೆಂಗಸು, ನಾಚಲಿಲ್ಲ: ಕೈಗೆ.
ಅಂದರೆ ಮುಂದಿನ ಚಕ್ರ.
ಜ್ಯಾಕ್ ಕೊಟ್ಟು ಎತ್ತಿ ಆಚೆ ಈಚೆ ಜಗ್ಗಿದೆ,
ಮಗುವಿನ ಹಲ್ಲು ಅಲ್ಲಾಡಿಸಿ ನೋಡುವ ಹಾಗೆ.
ಗಟ್ಟಿ.

ರಿಯೋನಿ ಹೊಳೆಯ ಪಕ್ಕದ ರಸ್ತೆಗೆ ಇಬ್ಬರೂ ಹೊರಟೆವು.
ಎಂಬತ್ತು.
ಸ್ಟೀರಿಂಗಿಗೆ ಚಳಿಜ್ವರ.
'ಸೆಕೆಂಡಿಗೆ ಹನ್ನೆರಡು,' ಅಂದಳು, ರಸ್ತೆಯಿಂದ ಕಣ್ಣು ತೆಗೆಯದೆ,
'ನನ್ನ ಪಿಯಾನೋದ ಕಟ್ಟಕಡೆಯ ಮಂದ್ರಕ್ಕಿಂತಲೂ ಕೆಳಗೆ.
ಕಿವಿಗೆ ಸಿಗದು, ಮೂಳೆಗೆ ಸಿಗುತ್ತದೆ.'
ಮನಸ್ಸಿನಲ್ಲೇ ಲೆಕ್ಕ ಹಾಕಿದೆ.
ಈ ವೇಗಕ್ಕೆ ಈ ಚಕ್ರ ಉರುಳುವುದೂ ಅಷ್ಟೇ ಸುತ್ತು.
ಸುತ್ತಿಗೊಂದು ಪೆಟ್ಟು.

'ಆದರೆ ಕೇಳು.'
ಏರಿತು, ಇಳಿಯಿತು,
ಸತ್ತೇಹೋಯಿತು ಅನ್ನುವಷ್ಟರಲ್ಲಿ ಮತ್ತೆ ಎದ್ದಿತು,
ಎಂಟು ಸೆಕೆಂಡಿಗೊಮ್ಮೆ, ತಪ್ಪದೆ.
'ಒಂಟಿ ತಂತಿ ಹೀಗೆ ಅಲೆಯುವುದಿಲ್ಲ.
ಇವು ಎರಡು. ಕೂದಲಷ್ಟೇ ದೂರ ನಿಂತ ಎರಡು ಸ್ವರ.'

ಮೂವತ್ತೊಂದು ವರ್ಷದಿಂದ ಇದೇ ಕೆಲಸ ನನಗೆ.
ಒಳಗೊಳಗೇ ನಕ್ಕೆ.

ಎಡಚಕ್ರ ಬಿಚ್ಚಿದೆ. ರಿಮ್ಮಿನ ಒಳಮೈಗೆ ಕಚ್ಚಿಕೊಂಡಿತ್ತು
ಖೋನಿ ರಸ್ತೆಯ ಕೆಸರು, ಒಣಗಿ, ಮುಷ್ಟಿಯಷ್ಟು.
ಕೆರೆದು ತೆಗೆದು ಗೆದ್ದವನ ಹಾಗೆ ಅವಳ ಮುಂದೆ ಹಿಡಿದೆ.
ಅವಳು ಮಾತಾಡಲಿಲ್ಲ. ಕೀಲಿ ಕೊಟ್ಟಳು.
ಎಂಬತ್ತು. ಅಲೆ ಇರಲಿಲ್ಲ.
ಬರಿಯ ನಡುಕ, ಏರದ ಇಳಿಯದ, ಸಮಸಮ.
'ಈಗ ಒಂದೇ,' ಅಂದಳು.

ಬಲಗಡೆಯದು ಹೋದ ಶರತ್ಕಾಲದಲ್ಲಿ ಹಾಕಿಸಿದ ಹೊಸ ಟೈರು,
ಎಡದ್ದಕ್ಕಿಂತ ಮೂರು ಮಿಲಿಮೀಟರ್ ದಪ್ಪ ಚರ್ಮದ್ದು,
ಅದಕ್ಕೇ ಸುತ್ತಿನಲ್ಲಿ ಚೂರು ಹಿಂದೆ.
ಅದರ ರಿಮ್ಮಿನ ಅಂಚಿಗೆ ಒಂದು ಬಿಳಿ ಚೌಕ,
ಸೀಸದ ತುಂಡು ಉದುರಿ ಹೋದ ಜಾಗ,
ಗೋಡೆಯಿಂದ ಪಟ ತೆಗೆದ ಮೇಲೆ ಉಳಿಯುವಂಥದ್ದು.

ಮಷಿನ್ನಿಗೆ ಏರಿಸಿ, ಸೀಸ ಬಡಿದು, ಮತ್ತೆ ತಿರುಗಿಸಿದೆ. ಸೊನ್ನೆ.
'ಸೊನ್ನೆ ಅಂದರೆ ಸೊನ್ನೆಯೇ?'
ಗಿರಾಕಿಗಳು ಯಾರೂ ಕೇಳಿದ್ದಿಲ್ಲ.
ಐದು ಗ್ರಾಮಿನ ಒಳಗಿರುವುದಕ್ಕೆಲ್ಲ
ನನ್ನ ಮಷಿನ್ ಸೊನ್ನೆ ಅನ್ನುತ್ತದೆ, ಅಂದೆ.
ಅವಳು ಬಾಯಿ ತುಂಬ ನಕ್ಕಳು,
ಚಿನ್ನದ ಹಲ್ಲು ಎರಡು ಕಂಡವು.
'ನಾನೂ ಪ್ರತಿ ಪಂಚಮವನ್ನು ತುಸು ಸುಳ್ಳಾಗಿಯೇ ಬಿಡುತ್ತೇನೆ.
ಒಂದನ್ನು ಪೂರಾ ನಿಜ ಮಾಡಿದೆನೋ,
ಇನ್ನೊಂದು ಮೂಲೆಯಲ್ಲಿ ತೋಳ ಊಳಿಡುತ್ತದೆ.'

ಇಪ್ಪತ್ತು ಲಾರಿ, ಒಂದು ಬಾಟಲಿ ಹುಳಿಪ್ಲಮ್ಮಿನ ಗೊಜ್ಜು.
ಬಾಗಿಲು ಎರಡು ಸಲ ಬಡಿದರೇ ಹಾಕುವ ಗಾಡಿ,
ಹೋಯಿತು.

ರಾತ್ರಿ ಕರೆಂಟಿಲ್ಲ.
ಎದುರುಮನೆಯ ಜನರೇಟರು, ಅದರಾಚೆ ಬೇಕರಿಯದು.
ಏರುತ್ತದೆ, ಇಳಿಯುತ್ತದೆ, ಸಾಯುತ್ತದೆ, ಏಳುತ್ತದೆ.
ಎರಡು, ಅಂದೆ.
ಏನೆರಡು? ಅಂದಳು ತ್ಸಿಸಾನಾ, ನಿದ್ದೆಗಣ್ಣಿನಲ್ಲಿ,
ರಗ್ಗು ತನ್ನ ಕಡೆಗೇ ಎಳೆದುಕೊಳ್ಳುತ್ತ.