ಮೊದಲ ಸಲ ಬಾಗಿಲಿನಿಂದ

ಟಿಕೇಟು ಮೂವತ್ತು ರೂಪಾಯಿ, ಹಿರಿಯರಿಗೆ ಹದಿನೈದು.
ಆಧಾರ್ ಕಾರ್ಡು ತೋರಿಸಿದೆ.
ಚಪ್ಪಲಿ ಹೊರಗೆ ಬಿಡಿ ಎಂದಳು ಹುಡುಗಿ,
ಕೊರಳ ನೀಲಿ ಪಟ್ಟಿಯ ತುದಿಗೆ ಅವಳ ಹೆಸರು:
ಶರ್ಮಿಳಾ ಸೋನ್ಸ್.

ಬೋಳಾರದ ಈ ಬಂಗಲೆಗೆ
ಇಪ್ಪತ್ತೆಂಟು ವರ್ಷ ಬಂದಿದ್ದೇನೆ ನಾನು,
ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು,
ಹಿತ್ತಿಲ ಕಡೆಯ ಏಣಿ ಹತ್ತಿ,
ಹಂಚು ಕೈಯಾಡಿಸಲಿಕ್ಕೆ.
ಬಾಗಿಲಿನಿಂದ ಬಂದದ್ದು ಇವತ್ತೇ.

ಹಂಚಿನ ಕಾರ್ಖಾನೆಯ ಮೊದಲ ದೊರೆ ಕಟ್ಟಿಸಿದ್ದಂತೆ.
ಹೊಳೆಬದಿಯಲ್ಲಿ ಈಗ ಚಿಮಣಿ ಒಂದೇ ನಿಂತಿದೆ,
ಹೊಗೆ ಇಲ್ಲ, ಮಣ್ಣು ತರುವ ದೋಣಿ ಇಲ್ಲ.
ಆ ಮಣ್ಣು ಬೆಂದು ಬೆಂದು
ಇಲ್ಲಿ ಪಿಯಾನೋ ಆಗಿದೆ, ನಿಲುವುಗನ್ನಡಿ ಆಗಿದೆ,
ಸಿಂಹದ ಕಾಲಿನ ಸ್ನಾನದ ತೊಟ್ಟಿ ಆಗಿದೆ.
ಜಲಜಾಕ್ಷಿ ತೊಟ್ಟಿಯೊಳಗೆ ಇಣುಕಿ ನೋಡಿ
"ಇದರಲ್ಲಿ ಒಂದು ಗಾಡಿ ಮಣ್ಣು ನೆನೆಹಾಕಬಹುದಿತ್ತು" ಎಂದಳು.

"ಈ ಗಡಿಯಾರ ಹಡಗಿನಲ್ಲಿ ಬಂದದ್ದು,
ಈಗ ನಡೆಯುವುದಿಲ್ಲ" ಎಂದಳು ಶರ್ಮಿಳಾ.
ಆಗಲೂ ನಡೆಯುತ್ತಿರಲಿಲ್ಲ, ಮಗಾ.
ಕಾರ್ಖಾನೆಯ ಕೂಗೇ ಇಡೀ ಬೋಳಾರಕ್ಕೆ ಗಡಿಯಾರ.

ಮೇಲಿನಿಂದ ನೋಡಿದವನಿಗೆ ಮನೆ ಬೇರೆಯೇ.
ಒಂದು ಹಂಚು ಎತ್ತಿದರೆ
ಒಂದು ಚೌಕ ಬಿಸಿಲು ಕೆಳಗೆ ಬೀಳುತ್ತದೆ,
ಅದರಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ಮನೆ:
ಮಂಚದ ಒಂದು ಕಾಲು,
ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ,
ಕೊನೆಯ ಮ್ಯಾನೇಜರರ ಹೆಂಡತಿ ಎಮಿಲ್ಡಾ ಬಾಯಿಯ ಬೈತಲೆ,
ವರ್ಷ ವರ್ಷ ಅಗಲವಾಗುತ್ತ ಹೋದದ್ದು.
ಅವರ ಮುಖ ಸರಿಯಾಗಿ ನೋಡಿದ್ದು
ಇವತ್ತು, ಗೋಡೆಯ ಫೋಟೋದಲ್ಲಿ.
ಮೂಗು ಇಷ್ಟು ಉದ್ದ ಅಂತ ಗೊತ್ತಿರಲಿಲ್ಲ.

ಊಟದ ಕೋಣೆಯಲ್ಲಿ ಗಾಜಿನ ಕಪಾಟು,
ಕಪಾಟಿನಲ್ಲಿ ನೀಲಿ ಹೂವಿನ ಸೂಪಿನ ಬೋಗುಣಿ.
"ಅಂಚಿನಲ್ಲಿ ಬಿರುಕು ಕಾಣುತ್ತದಲ್ಲ, ಸರ್,
ಹಡಗಿನಲ್ಲಿ ಬರುವಾಗ ಬಿರುಗಾಳಿಗೆ ಆದದ್ದು."

ಅದು ಎಂಬತ್ತೇಳನೇ ಇಸವಿ.
ನನ್ನ ಕೈಯಿಂದ ಜಾರಿದ ಅರ್ಧ ಹಂಚು.
ಕೆಳಗೆ ಠಣ್ ಎಂದ ಮೇಲೆ
ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ.
ಆ ಚೌಕದಲ್ಲಿ ಎರಡು ಕೈ ಬಂದವು,
ಬೋಗುಣಿಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟವು.
ಸಂಜೆ ಕೂಲಿ ಪೂರ್ತಿ ಸಿಕ್ಕಿತು.
ಮಾರನೇ ವರ್ಷವೂ ನನಗೇ ಹೇಳಿಕಳುಹಿಸಿದರು.

ಜಲಜಾಕ್ಷಿ ನನ್ನ ಕಡೆ ನೋಡಿದಳು.
ನಾನು ಬಿರುಗಾಳಿಯ ಕಡೆ ತಲೆಯಾಡಿಸಿದೆ.

ಮೇಲೆ ನೋಡಿದರೆ ಹಂಚೇ ಕಾಣುವುದಿಲ್ಲ,
ಹೊಸ ಹಲಗೆ ಹೊಡೆದು ಪಾಲಿಷು ಹಾಕಿದ್ದಾರೆ.
"ಅಡಿಯಲ್ಲಿ ಶೀಟು ಉಂಟು, ಇನ್ನು ಸೋರುವ ಮಾತೇ ಇಲ್ಲ."
ಹಂಚು ಹಳೆಯದೇ?
"ತೊಳೆದು ಅದನ್ನೇ ಜೋಡಿಸಿದ್ದು, ಸರ್."
ಎಲ್ಲವೂ?
ಅವಳು ಕೈಯ ಕಾಗದ ನೋಡಿಕೊಂಡಳು.
ಅದರಲ್ಲಿ ಬರೆದಿರಲಿಲ್ಲ.

ತೆಂಕು ಇಳಿಜಾರಿನ ಏಳನೇ ಸಾಲಿನಲ್ಲಿ ಒಂದು ಹಂಚು.
ಹಸಿ ಇದ್ದಾಗ ಯಾವುದೋ ಬೆಕ್ಕು ಅದರ ಮೇಲೆ ನಡೆದಿದೆ,
ನಾಲ್ಕು ಬೆರಳು, ಒಂದು ಅಂಗಾಲು.
ಅದನ್ನೂ ಆವಿಗೆಗೆ ಹಾಕಿ ಸುಟ್ಟಿದ್ದಾರೆ.
ಪಾಚಿ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದೆ ಪ್ರತಿ ಸಲ.
ಒಡೆದದ್ದು ಎಷ್ಟು ದೂಮಪ್ಪ, ಎಂದರೆ ಬಾಯಿಗೆ ಲೆಕ್ಕ ಹೇಳುತ್ತಿದ್ದೆ,
ಬೆಕ್ಕಿನ ವಿಷಯ ಹೇಳಲಿಲ್ಲ.

ಅಂಗಳದಲ್ಲಿ ನಿಂತು ಕೈ ಮರೆಮಾಡಿ ಎಣಿಸಿದೆ.
ಐದನೇ ಸಾಲಿನ ಆಚೆ ಬರೀ ಬಿಸಿಲು.
ಏಣಿ ಎಲ್ಲಿ ಎಂದು ಕೇಳಬೇಕೆನಿಸಿತು.
ಮೊಣಕಾಲು ಬೇಡವೆಂದಿತು.

ಗೇಟಿನ ಬಳಿ ಮಾರಾಟದ ಮೇಜು:
ಅಂಗೈಯಗಲದ ಪುಟ್ಟ ಹಂಚು, ಹಿಂದೆ ಅಯಸ್ಕಾಂತ,
ಫ್ರಿಜ್ಜಿಗೆ ಅಂಟಿಸಲು, ನೂರಿಪ್ಪತ್ತು.
ಜಲಜಾಕ್ಷಿ ಹನ್ನೊಂದು ವರ್ಷ
ಆವಿಗೆಯ ಬಾಯಲ್ಲಿ ಕೂತು ಹಂಚು ಬಡಿದು ಬಡಿದು
ಸದ್ದಿನ ಮೇಲೆ ದರ್ಜೆ ಹೇಳಿದವಳು.
ಅದನ್ನು ಎಡಗೈಯಲ್ಲಿ ಎತ್ತಿ ಕಿವಿಯ ಹತ್ತಿರ ತಂದು
ಬೆರಳ ಗೆಣ್ಣಿನಿಂದ ಒಂದು ಸಲ ಬಡಿದಳು.

"ಸೆಕೆಂಡು" ಎಂದು
ಇದ್ದಲ್ಲೇ ಇಟ್ಟಳು.