ಅಕ್ಕಪಕ್ಕದವರು

ಓಯ್‌ನಿಹೋಲ್ ಅಜ್ಜಿಗೆ ಈಗ ಚಿನ್ನ ಬೇಡವಂತೆ.
ಖುಜಂದಿನ ಪಂಜಶಂಬೆ ಪೇಟೆಯ ಹಿಂದೆ
ಮೂರನೇ ಮೆಟ್ಟಿಲು ಒಡೆದ ನನ್ನ ದವಾಖಾನೆಗೆ
ಏದುಸಿರಲ್ಲಿ ಹತ್ತಿ ಬಂದು, ಕುರ್ಚಿಯಲ್ಲಿ ಒರಗಿ,
ತಲೆವಸ್ತ್ರದ ಗಂಟು ಸಡಿಲಿಸಿ ಅಂದಳು:
"ಕಿತ್ತು ಕೊಡು ಇದನ್ನ. ಮೊಮ್ಮಗಳ ಕಿವಿಗೆ ಬೇಕು."

ಬಾಯಿ ತೆರೆದಳು.
ಮೇಲ್ಸಾಲಿನ ಮುಂದುಗಡೆ, ನಡುವಿಗಿಂತ ಕೊಂಚ ಎಡಕ್ಕೆ,
ಮೂರು ಹಲ್ಲಿನ ಚಿನ್ನದ ಸೇತುವೆ.
ನಲವತ್ತೊಂದು ವರ್ಷದ ಚಹಾ, ರೊಟ್ಟಿ, ನೆರೆಮನೆಯ ಜಗಳ
ಇದರ ಮೇಲೆಯೇ ಓಡಾಡಿವೆ.

ಕಳೆದುಕೊಂಡದ್ದು ಒಂದೇ ಹಲ್ಲು.
ರೇಷ್ಮೆ ಕಾರ್ಖಾನೆಯ ಮಧ್ಯಾಹ್ನದ ಬಿಡುವಿನಲ್ಲಿ
ಜರ್ದಾಳು ಬೀಜವನ್ನು ಮುಂಬಲ್ಲಿನಿಂದಲೇ ಒಡೆಯುವ ಪಂದ್ಯ.
"ಹದಿನೇಳು ಒಡೆದೆ ಮಗಳೇ,
ಹದಿನೆಂಟನೆಯದು ನನ್ನನ್ನೇ ಒಡೀತು."
ಮದುವೆಗೆ ಆರು ವಾರ ಇತ್ತು. ಅತ್ತೆಯಾಗುವವಳು
ಟ್ರಂಕಿನ ತಳದಿಂದ ಹಳೆಯ ರಾಜನ ಮುಖವಿದ್ದ
ನಾಣ್ಯವೊಂದನ್ನು ತೆಗೆದು ನನ್ನಪ್ಪನ ಕೈಗಿಟ್ಟಳಂತೆ.
ಆಗೆಲ್ಲ ಬಂಗಾರದ ನಗುವೇ ನಗು,
ಬರೀ ಹಲ್ಲಿನ ನಗು ಬಡವರದ್ದು.

ಅಪ್ಪ ನನಗೆ ಕಸುಬು ಕಲಿಸಿದ ದಿನ ಹೇಳಿದ್ದ:
ಖಾಲಿ ಜಾಗ ಒಂದು ತುಂಬಬೇಕಾದರೆ
ಗಟ್ಟಿಯಾಗಿರುವ ಎರಡನ್ನು ಅರೆಯಬೇಕು.
ಏನೂ ತಪ್ಪು ಮಾಡದ ಅಕ್ಕಪಕ್ಕದವರು ಅವು.
ಯಂತ್ರ ಹಿಡಿಯುವ ಮೊದಲು ಒಮ್ಮೆ
'ಬುಬಖ್ಶೆದ್' ಅನ್ನು, ಕ್ಷಮಿಸಿ ಅನ್ನು,
ರೋಗಿಗಲ್ಲ, ಆ ಎರಡು ಹಲ್ಲಿಗೆ.
ನಾನು ನಕ್ಕಿದ್ದೆ.

ಚಿನ್ನವನ್ನು ಸೀಳಿದೆ. ಬಿಲ್ಲೆ ಕಿರುಗುಟ್ಟಿತು,
ಸುಟ್ಟ ವಾಸನೆ, ನೀರು, ಮತ್ತೆ ನೀರು.
ಕಳಚಿ ತಟ್ಟೆಗೆ ಬಿದ್ದ ಸದ್ದು ಎಷ್ಟು ಸಣ್ಣದು!
ತೂಗಿದೆವು: ಐದು ಗ್ರಾಮಿಗೆ ಕೂದಲೆಳೆ ಕಡಿಮೆ.

ಅಡಿಯಲ್ಲಿ ಆ ಇಬ್ಬರು.
ಎಳೆ ಹುಡುಗರು ಕೆತ್ತಿ ಕೆತ್ತಿ ಮುಗಿಸಿದ
ಪೆನ್ಸಿಲಿನ ಹಾಗೆ, ಮೊಂಡಾಗಿ, ಹಳದಿಗಟ್ಟಿ.
ನಡುವೆ ವಸಡು ನುಣ್ಣಗೆ, ಅಲ್ಲೊಂದು ಹಲ್ಲಿತ್ತೆಂಬುದನ್ನೇ ಮರೆತು.
ಕನ್ನಡಿ ತಿರುಗಿಸಿ ನೋಡಿದೆ:
ಎರಡಕ್ಕೂ ಒಂದೇ ಕಡೆಗೆ ವಾಲಿದ ಇಳಿಜಾರು.
ಎಡಗೈಯವನು ಅರೆದದ್ದು.

ಅಪ್ಪ ಹೋಗಿ ಹನ್ನೊಂದು ಚಳಿಗಾಲ.
ಮನೆಯಲ್ಲಿ ಫೋಟೋ ಇದೆ, ಕೋಟಿದೆ, ಕನ್ನಡಕವಿದೆ.
ಕೈ ಮಾತ್ರ ಇಲ್ಲಿತ್ತು,
ಬೇರೆ ಯಾರದೋ ಬಾಯಲ್ಲಿ, ಕತ್ತಲಲ್ಲಿ, ಚಿನ್ನದ ಮುಸುಕಿನೊಳಗೆ.

ಹೊಸದು ಕೂರಬೇಕಾದರೆ ಆ ಓರೆಯನ್ನು ನೇರ ಮಾಡಬೇಕು.
ಬುಬಖ್ಶೆದ್ ಅಂದೆ. ಈ ಸಲ ನಗಲಿಲ್ಲ.
ನೇರ ಮಾಡಿದೆ.
ಪೂರ್ತಿಯಾಗಿ ಅಲ್ಲ.

ತಾತ್ಕಾಲಿಕದ್ದು ಬೇಡವೆಂದಳು, ಪ್ಲಾಸ್ಟಿಕ್ಕಿಗೆ ಸೋಪಿನ ರುಚಿಯಂತೆ.
ಎಂಟು ದಿನ ಅವಳ ಮಾತೆಲ್ಲ ಸಂದಿಯಿಂದ ಸೋರಿತು.
ಸಬೋಹತ್ ಎಂಬ ಮೊಮ್ಮಗಳು ಥಬೋಹತ್ ಆದಳು,
ನಕ್ಕು ನಕ್ಕು, ಆಮೇಲೆ ಯಾಕೋ
ಫೋನಿನಲ್ಲಿ ಅಜ್ಜಿಯ ದನಿಯನ್ನು ತುಂಬಿಟ್ಟುಕೊಂಡಳು.

ಬಣ್ಣದ ಪಟ್ಟಿ ಹಿಡಿದಾಗ ಸಬೋಹತ್ ಮುಟ್ಟಿದ್ದು ಹಿಮದ ಬಿಳುಪು.
ಅಜ್ಜಿ ಬೆರಳಿಂದ ಮುಂದಕ್ಕೆ, ಇನ್ನೂ ಮುಂದಕ್ಕೆ ಸರಿಸಿ
ಚಹಾ ಕುಡಿದ ಬಿಳುಪಿನ ಮೇಲೆ ನಿಂತಳು:
"ಇದು ನನ್ನ ವಯಸ್ಸಿಂದು."

ಇವತ್ತು ಅಂಟಿಸಿದೆ. ಬೇರಿಲ್ಲದ ಹಲ್ಲೊಂದು
ಇಬ್ಬರ ಹೆಗಲ ಮೇಲೆ ಕೈಹಾಕಿ ನಿಂತಿದೆ,
ಹುಟ್ಟಿದಂದಿನಿಂದ ಅಲ್ಲೇ ಇದ್ದವನ ಹಾಗೆ.
ನೀಲಿ ಕಾಗದ ಕಚ್ಚಿಸಿದೆ, ಎತ್ತರ ಸರಿಯಿದೆ.
'ಸ' ಅನ್ನಿ ಎಂದೆ.
"ಸಬೋಹತ್," ಅಂದಳು. ಮತ್ತೊಮ್ಮೆ ಅಂದಳು, ಯಾರನ್ನೂ ಕರೆಯದೆ.

ಗಟ್ಟಿಯಾದದ್ದೇನೂ ಕಡಿಯಕೂಡದು ಎಂದು
ಎರಡೆರಡು ಸಲ ಹೇಳಿ ಕಳಿಸಿದೆ. ತಲೆಯಾಡಿಸಿದಳು.
ಕಿಟಕಿ ಮುಚ್ಚಲು ಹೋದರೆ ಕೆಳಗೆ ಬಸ್ಸಿನ ನಿಲ್ದಾಣದಲ್ಲಿ
ಕೆನ್ನೆ ಒಂದು ಕಡೆ ಉಬ್ಬಿಸಿಕೊಂಡು, ಕಣ್ಣು ಕಿರಿದು ಮಾಡಿ,
ದವಡೆಯ ಹಲ್ಲಿನಿಂದ
ಟಕ್.
ಬೀಜದೊಳಗಿನ ತಿರುಳನ್ನು ಮೊಮ್ಮಗಳ ಅಂಗೈಗೆ ಹಾಕಿದಳು.